ಮಗಳು ಕರಿಕೋಟು ತೊಡುತ್ತೇನೆ ಎಂದಾಗ



ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ನಿಮಗೆ ಗೊತ್ತೇ ಇದೆ. ವಿಜ್ಞಾನ ಸಿಕ್ಕಿದರೆ ಇಂಜಿನಿಯರು, ಸಿಗದಿದ್ದರೆ ವಾಣಿಜ್ಯ ಓದಿ ಬ್ಯಾಂಕು, ಅದೂ ಇಲ್ಲವಾದರೆ ಟಿ.ಟಿ.ಸಿ. ಮಾಡಿ ಶಾಲೆ. ಈ ಮೂರರ ಆಚೆಗೆ ನಮ್ಮ ಆಲೋಚನೆ ಹೋಗುವುದು ಕಡಿಮೆ. ಇದರ ನಡುವೆ ಮಗನೋ ಮಗಳೋ ‘ನಾನು ಕಾನೂನು ಓದುತ್ತೇನೆ’ ಎಂದರೆ ಮನೆಯೊಳಗೆ ಒಂದು ಗಳಿಗೆ ಮೌನ. ಆಮೇಲೆ ಎರಡು ಪ್ರಶ್ನೆ ಏಳುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಕೋರ್ಟಿನ ಇಂಗ್ಲಿಷ್ ದಕ್ಕೀತೇ? ವಕೀಲಿಕೆಯಲ್ಲಿ ಹೊಟ್ಟೆ ತುಂಬೀತೇ?

ಈ ಎರಡು ಪ್ರಶ್ನೆಗಳನ್ನು ನಾನೂ ಕೇಳಿದವನೇ. ಕಾಸರಗೋಡು ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಕಲಿತ ನನ್ನ ಮಗಳು ಪ್ಲಸ್ ಟು ಮುಗಿಸಿ, ಮಂಗಳೂರಿನಲ್ಲಿ ಐದು ವರ್ಷದ ಕಾನೂನು ಪದವಿ ಪಡೆದು, ಈಗ ನಮ್ಮ ಜಿಲ್ಲೆಯ ನ್ಯಾಯಾಲಯಗಳಲ್ಲೇ ವಕೀಲಿಕೆಯ ನಾಲ್ಕನೆಯ ವರ್ಷದಲ್ಲಿದ್ದಾಳೆ. ಮೂರನೆಯ ಪ್ರಶ್ನೆಯೊಂದನ್ನು ಆಗ ನಾನು ಕೇಳಲಿಲ್ಲ: ಈ ಕೆಲಸದಲ್ಲಿ ಅವಳ ಬದುಕು ಹೇಗಿದ್ದೀತು? ಈಗ ಯೋಚಿಸಿದರೆ ಮೊದಲು ಕೇಳಬೇಕಾಗಿದ್ದುದು ಅದನ್ನೇ ಅನಿಸುತ್ತದೆ. ಈ ದಾರಿ ಹಿಡಿಯಲಿರುವ ಮಕ್ಕಳ ತಂದೆತಾಯಂದಿರಿಗೆ ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಮೊದಲು, ನಮ್ಮ ಮಕ್ಕಳು ವಕೀಲರಾಗುವುದು ಏಕೆ ಬೇಕು ಎಂಬುದನ್ನು ನೋಡಿ. ಗಡಿಯ ಕೋರ್ಟಿನಲ್ಲಿ ಒಂದು ದಿನ ಹೋಗಿ ಕುಳಿತುಕೊಳ್ಳಿ. ನ್ಯಾಯಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದೇ ಇರುತ್ತದೆ, ಯಾರೂ ತಡೆಯುವುದಿಲ್ಲ. ಸಾಕ್ಷಿಯ ಕಟ್ಟೆಯಲ್ಲಿ ನಿಂತ ಮುದುಕಿ ಹೇಳುವುದು ಕನ್ನಡದಲ್ಲಿ, ಕೆಲವೊಮ್ಮೆ ತುಳುವಿನಲ್ಲಿ. ಬರೆದುಕೊಳ್ಳುವುದು ಬೇರೊಂದು ಭಾಷೆಯಲ್ಲಿ. ನಡುವೆ ಯಾರೋ ಒಬ್ಬರು ಅರ್ಥ ಹೇಳುತ್ತಾರೆ. ‘ಕೊಟ್ಟಿದ್ದೆ’ ಎಂಬುದಕ್ಕೂ ‘ಕೊಟ್ಟಿರಬಹುದು’ ಎಂಬುದಕ್ಕೂ ಇರುವ ಅಂತರ ಆ ನಡುವೆ ಎಲ್ಲಿಯೋ ಕಳೆದುಹೋದರೆ ಒಂದು ಮನೆಯ ಜಾಗವೇ ಕಳೆದುಹೋಗಬಹುದು.

ಕಾನೂನು ಇದನ್ನು ಮರೆತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 307ನೆಯ ಕಲಮಿನಂತೆ, ಹೈಕೋರ್ಟಿನ ಕೆಳಗಿನ ನ್ಯಾಯಾಲಯಗಳ ಭಾಷೆ ಯಾವುದೆಂದು ನಿರ್ಧರಿಸುವುದು ರಾಜ್ಯ ಸರ್ಕಾರ. ಆದರೆ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ಅವನು ಹಾಜರಿದ್ದಾಗ, ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಅದೇ ಸಂಹಿತೆಯ 314ನೆಯ ಕಲಮು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದು ಇತ್ತು. ಹಕ್ಕು ಕಾಗದದಲ್ಲಿದೆ. ಎದ್ದು ನಿಂತು ‘ಸ್ವಾಮೀ, ನನ್ನ ಕಕ್ಷಿಗಾರನಿಗೆ ಇದು ಅರ್ಥವಾಗಿಲ್ಲ’ ಎಂದು ಹೇಳುವವರು ಬೇಕಲ್ಲ?

ಇನ್ನು ಹಳೆಯ ಕಾಗದಪತ್ರಗಳ ಮಾತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನಮ್ಮ ಅಜ್ಜಂದಿರ ಕಾಲದ ಪಾಲುಪಟ್ಟಿ, ಕ್ರಯಚೀಟು, ಗೇಣಿಚೀಟುಗಳು ಕನ್ನಡದಲ್ಲಿವೆ. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಮಾತುಗಳು ಅದರ ತುಂಬ. ಕುಮ್ಕಿ ಎಂದರೆ ವರ್ಗದ ಸಾಗುವಳಿ ಭೂಮಿಯ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ಕೃಷಿಕನಿಗಿದ್ದ ಸವಲತ್ತು. ಇದನ್ನು ‘ಸರ್ಕಾರಿ ಪಾಳು’ ಎಂದು ಅನುವಾದಿಸಿದರೆ ಅಕ್ಷರ ತಪ್ಪಿಲ್ಲ, ಅರ್ಥ ತಪ್ಪಿದೆ. ಅಳಿಯಕಟ್ಟಿನ ಕುಟುಂಬಗಳ ಹಳೆಯ ಪಾಲಿನ ತಕರಾರುಗಳಲ್ಲೂ ಇದೇ ಕಷ್ಟ. ಈ ಕಾಗದಗಳನ್ನು ಓದಿ ಅರ್ಥ ಹೇಳುತ್ತಿದ್ದ ಹಿರಿಯ ವಕೀಲರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ಜಾಗಕ್ಕೆ ಯಾರು? ಅಕ್ಕಲಕೋಟೆ, ಜತ್ತ, ಆದವಾನಿ, ತಾಳವಾಡಿಯ ಕಡೆಯ ಪಾಲಕರು ತಮ್ಮ ಮನೆಯ ಪೆಟ್ಟಿಗೆ ತೆರೆದು ನೋಡಲಿ. ಅಲ್ಲಿ ಕಾಗದದ ಹೆಸರು ಬೇರೆ ಇದ್ದೀತು, ಪ್ರಶ್ನೆ ಇದೇ.

ಅಷ್ಟೇಕೆ, ಭಾರತದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿ ಓದಲೇಬೇಕಾದ ಮೊಕದ್ದಮೆ ನಮ್ಮ ಎಡನೀರಿನದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ಬಂದ ತೀರ್ಪು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಬದಲಾಯಿಸಲಾರದು ಎಂದಿತು. ಸ್ವಾಮಿಗಳಿಗೆ ಮಠದ ಜಮೀನಿನ ವಿಷಯದಲ್ಲಿ ಲಾಭವಾಗಲಿಲ್ಲ. ದೇಶಕ್ಕೆ ಲಾಭವಾಯಿತು. ನನ್ನ ಮಗಳ ತರಗತಿಯಲ್ಲಿ ಈ ಪಾಠ ಬಂದ ದಿನ ಅವಳು ಮನೆಗೆ ಫೋನು ಮಾಡಿ, ‘ಅಪ್ಪಾ, ನಾವು ಆಟ ನೋಡಲು ಹೋಗುತ್ತಿದ್ದ ಎಡನೀರು!’ ಎಂದಳು.

ಈಗ ಇಂಗ್ಲಿಷಿನ ಭಯ. ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಸಂವಿಧಾನದ 348ನೆಯ ವಿಧಿಯಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷ್. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರುವ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಕರ್ನಾಟಕದ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವುಂಟು. ವಕೀಲಿಕೆಗೆ ಮುಂಚಿನ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ಗಡಿಯಾಚೆ ಕೆಲಸ ಮಾಡುವವರಿಗೆ ಅಷ್ಟರಿಂದ ಸಾಗದು.

ಮೊದಲ ವರ್ಷ ನನ್ನ ಮಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಒಂದು ಪುಟ ಓದಲು ಒಂದು ಗಂಟೆ. ಅವಳು ಹಿಡಿದ ಉಪಾಯ ಸರಳ. ದಿನಕ್ಕೆ ಒಂದು ತೀರ್ಪಿನ ಎರಡು ಪುಟ ಓದುವುದು, ಅದರ ಸಾರವನ್ನು ಕನ್ನಡದಲ್ಲಿ ಬರೆಯುವುದು, ಮರುದಿನ ಆ ಕನ್ನಡವನ್ನು ನೋಡಿ ಮತ್ತೆ ಇಂಗ್ಲಿಷಿಗೆ ತರುವುದು. ಮೂರನೆಯ ವರ್ಷಕ್ಕೆ ಬರುವಾಗ ಅವಳು ಇತರರಿಗಿಂತ ನಿಧಾನವಾಗಿ ಓದುತ್ತಿದ್ದಳು ನಿಜ, ಆದರೆ ಓದಿದ್ದನ್ನು ಹಳ್ಳಿಯ ಕಕ್ಷಿಗಾರನಿಗೆ ಅರ್ಥವಾಗುವಂತೆ ಹೇಳಬಲ್ಲವಳಾಗಿದ್ದಳು.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಅವಳು ಮಲಯಾಳವನ್ನೂ ಶ್ರದ್ಧೆಯಿಂದ ಓದಲು ಬರೆಯಲು ಕಲಿತಳು. ರಾಜ್ಯದ ಭಾಷೆ ಕಲಿತರೆ ನಮ್ಮ ಕನ್ನಡಕ್ಕೆ ದ್ರೋಹವಾಗುವುದೆಂದು ನಾನು ಹಿಂದೆ ವಾದಿಸುತ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಕನ್ನಡದ ಹಕ್ಕನ್ನು ಕೇಳಬೇಕಾದ ಕಡೆ ಕೇಳಲು ಎದುರಿನವರ ಭಾಷೆ ಗೊತ್ತಿರಬೇಕು. ಕನ್ನಡ, ರಾಜ್ಯಭಾಷೆ, ಇಂಗ್ಲಿಷ್ ಈ ಮೂರೂ ಬಲ್ಲ ವಕೀಲ ಗಡಿಯಲ್ಲಿ ಅಪರೂಪ. ಮೂರಕ್ಕೂ ತಳಪಾಯ ಕನ್ನಡ ಶಾಲೆಯಲ್ಲಿ ಬಿದ್ದಿರುತ್ತದೆ.

ಮನೆಮಾತಿಗಿಂತ ಬೇರೆಯಾದ ಭಾಷೆ ಮಗುವನ್ನು ಕುಗ್ಗಿಸುವುದೇ ಎಂಬ ಅನುಮಾನವಿದ್ದವರು ಬಾನು ಮುಷ್ತಾಕ್ ಅವರ ಬದುಕನ್ನು ನೋಡಲಿ. ಉರ್ದು ಮನೆಮಾತಿನ ಹುಡುಗಿಯನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದರು. ಮುಂದೆ ಅವರು ಹಾಸನದಲ್ಲಿ ವಕೀಲರಾದರು, ಕೋರ್ಟಿನ ಆಚೆ ಕನ್ನಡದಲ್ಲಿ ಕತೆ ಬರೆದರು. ಆ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಮ್ಮ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ತಂದೆಯೂ ವಕೀಲರು. ಮುಸ್ಲಿಂ ಹುಡುಗಿಯರು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ದಿನಗಳಲ್ಲಿ ಅವರು ಮಗಳನ್ನು ಕನ್ನಡ ಶಾಲೆಗೆ ಕಳುಹಿಸಿದರು.

ಎರಡನೆಯ ಪ್ರಶ್ನೆ ಹೊಟ್ಟೆಯದು. ಇಲ್ಲಿ ಪಾಲಕರಿಗೆ ಯಾರೂ ಪೂರ್ತಿ ಲೆಕ್ಕ ಹೇಳುವುದಿಲ್ಲ. ಪ್ಲಸ್ ಟು ಅಥವಾ ಪಿ.ಯು.ಸಿ. ನಂತರ ಐದು ವರ್ಷ, ಅಥವಾ ಪದವಿಯ ನಂತರ ಮೂರು ವರ್ಷ ಕಾನೂನು ಓದು. ಆಮೇಲೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇದಕ್ಕೆ 1961ರ ವಕೀಲರ ಕಾಯ್ದೆ ಹೇಳಿದ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ. ಹಲವು ರಾಜ್ಯಗಳಲ್ಲಿ ನಾನಾ ಹೆಸರಿನಲ್ಲಿ ಹತ್ತಾರು ಸಾವಿರ ವಸೂಲಾಗುತ್ತಿತ್ತು. ಕಾಯ್ದೆ ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬಡವರ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ, ನೆನಪಿಡಿ.

ನಿಜವಾದ ಕಷ್ಟ ಆಮೇಲೆ. ಹೊಸ ವಕೀಲ ಒಬ್ಬ ಹಿರಿಯ ವಕೀಲರ ಕಚೇರಿ ಸೇರುತ್ತಾನೆ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿಯಾದರೂ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ತಾಲೂಕು ಕೇಂದ್ರದ ಹಿರಿಯ ವಕೀಲರ ಸ್ವಂತ ಆದಾಯವೇ ಏರಿಳಿತದ್ದು. ನನ್ನ ಮಗಳಿಗೆ ಮೊದಲ ವರ್ಷ ಸಿಕ್ಕಿದ್ದು ಬಸ್ಸು, ಊಟ, ಜೆರಾಕ್ಸಿಗೆ ಸಾಕಾಗುವಷ್ಟು. ಹಿರಿಯರನ್ನು ನಾನು ದೂರುವುದಿಲ್ಲ. ಅವರು ಕೆಲಸ ಕಲಿಸಿದರು. ಆದರೆ ವಕೀಲಿಕೆಯ ಜೊತೆಗೆ ಬೇರೆ ಪೂರ್ಣಕಾಲದ ಸಂಬಳದ ನೌಕರಿ ಹಿಡಿಯಲು ನಿಯಮ ಬಿಡುವುದಿಲ್ಲ. ಹಾಗಾಗಿ ಆ ಮೂರು ವರ್ಷ ಮನೆಯೇ ಆಧಾರ. ಕಾಲೇಜಿನ ಐದು ವರ್ಷಕ್ಕೆ ಹಣ ಹೊಂದಿಸುವಾಗಲೇ ಇನ್ನೂ ಮೂರು ವರ್ಷದ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಇದು ಗೊತ್ತಿಲ್ಲದೆ, ಎಷ್ಟೋ ಮಂದಿ ಚುರುಕಾದ ಮಕ್ಕಳು ಎರಡನೆಯ ವರ್ಷದಲ್ಲೇ ಕೋಟು ಮಡಚಿಟ್ಟು ಯಾವುದೋ ಕಂಪೆನಿಗೆ ಹೋಗುತ್ತಾರೆ.

ಮೂರು ವರ್ಷ ಕಳೆದರೆ ದಾರಿಗಳು ತೆರೆಯುತ್ತವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಮೊದಲಾದವರಿಗೆ ಉಚಿತ ನೆರವು ಸಿಗಬೇಕು. ಅದನ್ನು ಕೊಡುವ ವಕೀಲರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಕೆಳಹಂತದ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷದ ವಕೀಲಿಕೆ ಬೇಕೆಂಬ ನಿಯಮವನ್ನು 2025ರ ಮೇ 20ರಂದು ಸುಪ್ರೀಂ ಕೋರ್ಟು ಮತ್ತೆ ತಂದಿತು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಇಂಗ್ಲಿಷ್–ಕನ್ನಡ ಅನುವಾದದ ಪತ್ರಿಕೆಯೊಂದಿದೆ. ಎರಡೂ ಭಾಷೆಯನ್ನು ಕಷ್ಟಪಟ್ಟು ಕಲಿತವರಿಗೆ ಅಲ್ಲಿ ಆ ಕಷ್ಟ ಕೈಹಿಡಿಯುತ್ತದೆ.

ಇನ್ನು ನಾನು ಕೇಳದೆ ಬಿಟ್ಟ ಪ್ರಶ್ನೆ.

ಕಿರಿಯ ವಕೀಲರ ದಿನ ಹೇಗಿರುತ್ತದೆಂದು ನಮಗೆ ಹೊರಗಿನಿಂದ ಕಾಣುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಹಿರಿಯರ ಕಚೇರಿ, ಹನ್ನೊಂದರಿಂದ ಐದರವರೆಗೆ ಕೋರ್ಟು, ಸಂಜೆ ಮತ್ತೆ ಕಚೇರಿಯಲ್ಲಿ ಕಕ್ಷಿಗಾರರು. ಮನೆ ಸೇರುವಾಗ ರಾತ್ರಿ ಎಂಟೂವರೆ, ಕೈಯಲ್ಲಿ ಮರುದಿನದ ಕಡತ. ದಿನವಿಡೀ ಕೇಳುವುದು ಜಗಳ, ವಿಚ್ಛೇದನ, ಅಪಘಾತ, ಸಾಲ. ಇಪ್ಪತ್ತೈದರ ಮಗುವಿನ ತಲೆಗೆ ಇದು ಭಾರ.

ನನ್ನ ಮಗಳಿಗೆ ಚಿಕ್ಕಂದಿನಿಂದ ತಾಳಮದ್ದಳೆಯ ಹುಚ್ಚು. ಶಾಲೆಯಲ್ಲಿದ್ದಾಗಲೇ ಅರ್ಥ ಹೇಳುತ್ತಿದ್ದಳು. ಪಾರ್ತಿಸುಬ್ಬನ ಕುಂಬಳೆ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರನ್ನು ಕೊಟ್ಟ ಸೀಮೆ ನಮ್ಮದು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವಕೀಲಿಕೆಗೆ ಸೇರಿದ ಮೊದಲ ವರ್ಷ ಭಾನುವಾರದ ಕೂಟಗಳಿಗೆ ಹೋಗುತ್ತಿದ್ದಳು. ನಾನು ತಡೆದೆ. ‘ಮೊದಲು ಕಡತ ಓದು, ಅರ್ಥ ಹೇಳಿದರೆ ಅಕ್ಕಿ ಬರುವುದಿಲ್ಲ’ ಎಂದೆ. ಅವಳು ಎದುರಾಡಲಿಲ್ಲ, ಬಿಟ್ಟಳು. ಎರಡನೆಯ ವರ್ಷ ಪೂರ್ತಿ ಮನೆ, ಕಚೇರಿ, ಕೋರ್ಟು. ನಿಧಾನವಾಗಿ ಮಾತು ಕಡಿಮೆಯಾಯಿತು. ಊಟ ಕಡಿಮೆಯಾಯಿತು. ಒಂದು ದಿನ ಸಾಕ್ಷಿಯ ಪಾಟೀಸವಾಲಿಗೆ ನಿಂತವಳು ಎರಡು ಪ್ರಶ್ನೆ ಕೇಳಿ ತಡವರಿಸಿ ಕುಳಿತುಬಿಟ್ಟಳಂತೆ. ಮನೆಗೆ ಬಂದು, ‘ನನಗೆ ಈ ಕೆಲಸ ಆಗದು’ ಎಂದಳು. ಇಷ್ಟು ವರ್ಷದ ಓದು, ಖರ್ಚು ಎಲ್ಲ ನನ್ನ ಕಣ್ಣ ಮುಂದೆ ಬಂತು. ಅವಳ ಮುಖ ನೋಡಿದ ಮೇಲೆ ಆ ಲೆಕ್ಕವನ್ನು ಬಾಯಿಗೆ ತರಲಿಲ್ಲ.

ದಾರಿ ಹೇಳಿದವರು ಅವಳ ಹಿರಿಯರೇ. ‘ಭಾನುವಾರ ಕೂಟಕ್ಕೆ ಹೋಗುತ್ತಿದ್ದವಳು ಯಾಕೆ ನಿಲ್ಲಿಸಿದಿ?’ ಎಂದು ಕೇಳಿದರಂತೆ. ನಾನು ತಲೆ ತಗ್ಗಿಸಬೇಕಾಯಿತು. ಮತ್ತೆ ಹೋಗತೊಡಗಿದಳು. ವಾಲಿವಧೆಯಲ್ಲಿ ವಾಲಿಯ ಅರ್ಥ ಹೇಳಿದ ದಿನ ನಾನೂ ಹೋಗಿ ಕುಳಿತೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದಲ್ಲಿಂದಲೇ ವಾಲಿ ಪ್ರಶ್ನಿಸುತ್ತಾನೆ: ನಿನಗೆ ನನ್ನ ಮೇಲೆ ಏನು ಅಧಿಕಾರ, ನನ್ನ ಅಪರಾಧವೇನು, ನನ್ನ ಮಾತು ಕೇಳದೆ ಶಿಕ್ಷೆ ಕೊಟ್ಟದ್ದು ಯಾವ ಧರ್ಮ? ಅಧಿಕಾರವ್ಯಾಪ್ತಿ, ಆರೋಪ, ವಿಚಾರಣೆ. ಕೋರ್ಟಿನಲ್ಲಿ ಕೇಳುವುದೂ ಇದನ್ನೇ ಅಲ್ಲವೇ? ಎದುರು ಅರ್ಥಧಾರಿ ಏನು ಹೇಳುತ್ತಾನೆಂದು ಮೊದಲೇ ತಿಳಿಯದು, ಬರೆದಿಟ್ಟ ಮಾತು ಇಲ್ಲ, ಕೇಳಿಸಿಕೊಂಡೇ ಉತ್ತರಿಸಬೇಕು. ನಾನು ಅಡ್ಡಿಯೆಂದು ನಿಲ್ಲಿಸಿದ್ದು ಅವಳ ಉಸಿರನ್ನು, ಅದರ ಜೊತೆಗೆ ಅವಳ ಅಭ್ಯಾಸವನ್ನೂ.

ಎಲ್ಲರ ಮಕ್ಕಳಿಗೂ ತಾಳಮದ್ದಳೆಯೇ ಆಗಬೇಕೆಂದಿಲ್ಲ. ಒಬ್ಬರಿಗೆ ಭಜನೆ, ಒಬ್ಬರಿಗೆ ವಾಲಿಬಾಲ್, ಇನ್ನೊಬ್ಬರಿಗೆ ತೋಟ. ಏನೂ ಮಾಡದೆ ಅಂಗಳದಲ್ಲಿ ಕೂರುವುದಾದರೂ ಆದೀತು. ಕೋರ್ಟು ಕಾಲಿಡದ ಒಂದು ಹೊತ್ತು ಅವರಿಗೆ ಬೇಕು. ‘ಇಷ್ಟು ಓದಿ ಇನ್ನೂ ಬಸ್ಸಿನಲ್ಲೇ ಓಡಾಡುತ್ತಾಳೆ’, ‘ಮದುವೆ ಯಾವಾಗ’ ಎಂದು ನೆಂಟರು ಕೇಳುವಾಗ ಉತ್ತರಿಸುವ ಕೆಲಸವನ್ನು ನಾವೇ ವಹಿಸಿಕೊಳ್ಳೋಣ.

ಆ ಬಿಡುವಿನ ಹೊತ್ತು ಊರಿಗೂ ಬರುತ್ತದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸುವ ಸಂಕಟ ನಮಗೆ ಹೊಸತಲ್ಲ. ನಮ್ಮ ಸಮೀಪದ ಶಾಲೆಯೊಂದಕ್ಕೆ ಹಾಗಾದಾಗ ಪಾಲಕರು ಗೇಟಿನ ಮುಂದೆ ಕೂಗಿದರು, ಫಲವಾಗಲಿಲ್ಲ. ಒಂದು ಶನಿವಾರ ಸಂಜೆ ನನ್ನ ಮಗಳು ಅವರ ಜೊತೆ ಕುಳಿತು ಎರಡು ಪುಟದ ಮನವಿ ಬರೆದಳು, ಕನ್ನಡದಲ್ಲೇ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೆಯ ವಿಧಿಯಲ್ಲಿದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು 350–ಎ ವಿಧಿ ಹೇಳುತ್ತದೆ. ಎರಡನ್ನೂ ಬರೆದು, ತರಗತಿಯಲ್ಲಿ ನಡೆಯುತ್ತಿರುವುದನ್ನು ದಿನಾಂಕ ಸಹಿತ ಪಟ್ಟಿ ಮಾಡಿ, ಪ್ರತಿಗೆ ಮುದ್ರೆ ಹಾಕಿಸಿಕೊಂಡು ಬಂದರು. ಮೂರು ತಿಂಗಳ ಮೇಲೆ ಕನ್ನಡ ಬಲ್ಲ ಅಧ್ಯಾಪಕರು ಬಂದರು. ಆ ಮನವಿಯಿಂದಲೇ ಬಂದರೆಂದು ನಾನು ಎದೆತಟ್ಟಿ ಹೇಳಲಾರೆ. ಆದರೆ ಆ ಪಾಲಕರು ಈಗ ಕೂಗುವ ಮೊದಲು ಬರೆಯುತ್ತಾರೆ. ಇದಕ್ಕಾಗಿ ಅವಳು ಹಣ ತೆಗೆದುಕೊಳ್ಳಲಿಲ್ಲ. ಭಾನುವಾರದ ಕೂಟ ಬಿಟ್ಟಿದ್ದ ವರ್ಷದಲ್ಲಾಗಿದ್ದರೆ ಇದನ್ನು ಮಾಡುವ ತ್ರಾಣವೂ ಅವಳಲ್ಲಿರುತ್ತಿರಲಿಲ್ಲ.

ಪಾಲಕರೇ, ನಿಮ್ಮ ಶಾಲೆಯ ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಎರಡು ಮಾತು ಎತ್ತಿ. ಒಂದು, ಎಂಟನೆಯಿಂದ ಹತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಸಮೀಪದ ನ್ಯಾಯಾಲಯಕ್ಕೆ ಕರೆದುಕೊಂಡು ಹೋಗಿ ಅರ್ಧ ದಿನ ಕೂರಿಸಲಿ. ಇನ್ನೊಂದು, ಚರ್ಚಾಕೂಟವೋ ತಾಳಮದ್ದಳೆಯೋ, ಎದುರಾಳಿಯ ಮಾತು ಕೇಳಿ ಉತ್ತರಿಸುವ ಏನಾದರೊಂದು ತಿಂಗಳಿಗೊಮ್ಮೆ ಕನ್ನಡದಲ್ಲಿ ನಡೆಯಲಿ. ಮಕ್ಕಳು ಮನೆಯಲ್ಲಿ ಎದುರುತ್ತರ ಕೊಟ್ಟರೆ ಸ್ವಲ್ಪ ಸಹಿಸಿಕೊಳ್ಳಿ.

ಮತ್ತೆ, ಮಗಳೋ ಮಗನೋ ವಕೀಲನಾಗುತ್ತೇನೆ ಎಂದ ದಿನ ಇಂಗ್ಲಿಷಿನ ಲೆಕ್ಕ ಹಾಕಬೇಡಿ, ಅದನ್ನು ಅವರು ಕಲಿತುಕೊಳ್ಳುತ್ತಾರೆ. ಮೂರು ವರ್ಷದ ಅನ್ನದ ಲೆಕ್ಕ ಹಾಕಿ. ಅವರ ಭಾನುವಾರವನ್ನು ಅವರಿಗೇ ಬಿಡಿ. ಕೊಚ್ಚಿಗೋ ಬೆಂಗಳೂರಿಗೋ ಹೋಗುತ್ತೇನೆಂದರೆ ತಡೆಯಬೇಡಿ. ಊರಲ್ಲೇ ಇರುತ್ತೇನೆಂದರೆ, ಸೋತು ಉಳಿದರೆಂದು ಎಣಿಸಬೇಡಿ. ನಮ್ಮ ಪೆಟ್ಟಿಗೆಗಳಲ್ಲಿರುವ ಕಾಗದ ಓದಲು ಯಾರಾದರೊಬ್ಬರು ಊರಲ್ಲಿರಬೇಕು.